ಯಾರ ಪಾಳಿ ಇದು? ದಾವಣಗೆರೆಯ ಸರ್ಕಾರಿ ಸೇವೆಗಳ ವಿಮರ್ಶೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸು. ಕೆಎಸ್‌ಆರ್‌ಟಿಸಿಯ ಕೆಂಪು ಬಸ್ ಹತ್ತಿದ ಹೆಣ್ಣುಮಗಳಿಗೆ ಟಿಕೆಟ್ ಸೊನ್ನೆ ರೂಪಾಯಿ. ಅದೇ ರಸ್ತೆಯಲ್ಲಿ ಪ್ರೈವೇಟ್ ಬಸ್ ಹತ್ತಿದರೆ ಪೂರಾ ಚಾರ್ಜು. ಕೆಂಪು ಬಸ್ಸಿನಲ್ಲಿ ಕೂಲಿಗೆ ಹೊರಟವಳಿಗೂ ಸೊನ್ನೆ, ಪಕ್ಕದ ಸೀಟಿನ ಬ್ಯಾಂಕ್ ಮ್ಯಾನೇಜರ್‌ಗೂ ಸೊನ್ನೆ. ನ್ಯಾಯಬೆಲೆ ಅಂಗಡಿಗೆ ಬಂದರೆ ಮೊದಲು ಕೇಳುವುದು ಬಿಪಿಎಲ್ಲೋ ಎಪಿಎಲ್ಲೋ ಎಂದು. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ಕೌಂಟರಿನಲ್ಲಿ ಕೇಳುವುದು ಎಷ್ಟು ದಿನ ದುಡಿದಿರಿ, ಮಾಲೀಕರು ಎಷ್ಟು ಕಟ್ಟಿದ್ದಾರೆ ಎಂದು. ಒಂದೇ ಊರಿನ ಮೂರು ಕಿಟಕಿಗಳ ಹಿಂದೆ ಮೂರು ಬೇರೆ ಬೇರೆ ರಾಜಕೀಯ ಸಿದ್ಧಾಂತಗಳು ಕೂತಿವೆ.

ಅವುಗಳಲ್ಲಿ ಒಂದಾದ ಸಾಮಾಜಿಕ ಪ್ರಜಾಪ್ರಭುತ್ವ ಅಂದರೆ ಬಡವರಿಗೆ ನೆರವು ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅಷ್ಟೇ ಆಗಿದ್ದರೆ ಮಠದ ದಾಸೋಹ ಸಾಕಿತ್ತು. ಕ್ರಾಂತಿಯ ದಾರಿ ಕಾಯುವುದು ಬೇಡ, ಓಟು, ಕಾರ್ಮಿಕ ಸಂಘ, ಕಾನೂನುಗಳಿಂದಲೇ ಬಂಡವಾಳವನ್ನು ಹಂತಹಂತವಾಗಿ ಪಳಗಿಸಬಹುದು ಎಂದು ಜರ್ಮನಿಯ ಎಡ್ವರ್ಡ್ ಬರ್ನ್‌ಸ್ಟೈನ್ 1899ರಲ್ಲಿ ವಾದಿಸಿದರು. ಸ್ವೀಡನ್ನಿನ ಪೆರ್ ಆಲ್ಬಿನ್ ಹಾನ್ಸನ್ 1928ರಲ್ಲಿ ದೇಶವೇ 'ಜನರ ಮನೆ' ಆಗಬೇಕು, ಆ ಮನೆಯಲ್ಲಿ ಮುದ್ದಿನ ಮಗ, ಮಲಮಗ ಎಂಬ ಭೇದ ಇರಬಾರದು ಎಂದರು. ಅವರ ಪಕ್ಷ 1932ರಿಂದ 1976ರವರೆಗೆ, 1936ರ ಕೆಲವು ತಿಂಗಳು ಬಿಟ್ಟರೆ, ಸತತವಾಗಿ ಸರ್ಕಾರದಲ್ಲಿತ್ತು. ಡೆನ್ಮಾರ್ಕಿನ ವಿದ್ವಾಂಸ ಎಸ್ಪಿಂಗ್-ಆಂಡರ್ಸನ್ 1990ರಲ್ಲಿ ಕಲ್ಯಾಣ ರಾಜ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಬಡವರನ್ನು ಆರಿಸಿ ಕೊಡುವುದು, ದುಡಿಮೆಗೆ ತಕ್ಕ ವಿಮೆ, ಎಲ್ಲರಿಗೂ ಸಮನಾದ ಹಕ್ಕು. ಮೂರನೆಯದಕ್ಕೇ ಅವರು ಸಾಮಾಜಿಕ ಪ್ರಜಾಪ್ರಭುತ್ವದ ಮಾದರಿ ಎಂದು ಹೆಸರಿಟ್ಟದ್ದು. ಪಡಿತರ, ಇಎಸ್‌ಐ, ಬಸ್ಸು ಇದೇ ಅನುಕ್ರಮದಲ್ಲಿ ಒಂದೊಂದು ಬಗೆಗೆ ಸೇರುತ್ತವೆ, ಅಂಚಿನಲ್ಲಿ ಸ್ವಲ್ಪ ಹರಿದಿದ್ದರೂ.

ಹೋಟೆಲಾದರೆ ರುಚಿ, ಶುಚಿ, ಬೆಲೆ ನೋಡಬಹುದು. ಇಲ್ಲಿ ನೋಡಿದ್ದು ಬೇರೆ: ಕಿಟಕಿಯ ಮುಂದೆ ಯಾವ ಕಾಗದ ಕೇಳುತ್ತಾರೆ, ಪಾಳಿಯಲ್ಲಿ ಇನ್ನು ಯಾರು ಯಾರು ನಿಂತಿದ್ದಾರೆ, ಕೆಟ್ಟಾಗ ಜಗಳ ಮಾಡುವ ಶಕ್ತಿ ಯಾರಿಗಿದೆ.

ಬಸ್ಸಿನಿಂದ ಶುರು. ಶಕ್ತಿ ಯೋಜನೆ ಜಾರಿಗೆ ಬಂದದ್ದು 2023ರ ಜೂನ್ 11ರಂದು. ರಾಜ್ಯದ ನಿವಾಸಿಯಾದ ಹೆಣ್ಣುಮಕ್ಕಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ರಾಜ್ಯದೊಳಗೆ ಸಾಮಾನ್ಯ ಸಾರಿಗೆಗಳಲ್ಲಿ ಎಷ್ಟು ದೂರ ಬೇಕಾದರೂ ಉಚಿತವಾಗಿ ಹೋಗಬಹುದು. ರಾಜಹಂಸ, ಸ್ಲೀಪರ್, ಎಸಿ ಗಾಡಿಗಳಿಗೂ ಅಂತರರಾಜ್ಯ ಬಸ್ಸುಗಳಿಗೂ ಅನ್ವಯವಿಲ್ಲ. ತೋರಿಸಬೇಕಾದದ್ದು ಕರ್ನಾಟಕದ ವಿಳಾಸವಿರುವ ಒಂದು ಸರ್ಕಾರಿ ಗುರುತಿನ ಚೀಟಿ, ಅಷ್ಟೆ. ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು ಯಾವುದೂ ಬೇಡ. ನಾನು ಬಡವಿ ಎಂದು ಕಂಡಕ್ಟರ್ ಮುಂದೆ ಯಾರೂ ಸಾಬೀತು ಮಾಡಬೇಕಾಗಿಲ್ಲ. ಈ ಒಂದು ಕಾರಣಕ್ಕೇ ಇಡೀ ಪಟ್ಟಿಯಲ್ಲಿ ಬಸ್ಸಿಗೆ ಮೊದಲ ಸ್ಥಾನ.

ಸೊನ್ನೆ ಟಿಕೆಟ್ ಕಡ್ಡಾಯವಾಗಿ ಕೇಳಿ ಪಡೆಯಬೇಕು. ದುಡ್ಡು ಕೊಡದಿದ್ದ ಮೇಲೆ ಚೀಟಿ ಯಾಕೆ ಎಂದು ಬಿಡುವವರಿದ್ದಾರೆ. ಆ ಚೀಟಿಯೇ ನಿಗಮದ ಬಿಲ್ಲು. ಯಂತ್ರದಿಂದ ಟಿಕೆಟ್ ಹೊರಬಂದರೆ ಮಾತ್ರ ಆ ದೂರದ ಚಾರ್ಜು ಸರ್ಕಾರದ ಲೆಕ್ಕಕ್ಕೆ ಏರುತ್ತದೆ. ಚೀಟಿ ಇಲ್ಲದೆ ಪ್ರಯಾಣಿಸಿದರೆ ನಿಗಮಕ್ಕೆ ನಷ್ಟ, ತನಿಖೆ ಬಂದರೆ ಕಂಡಕ್ಟರ್‌ಗೆ ತೊಂದರೆ, ಮುಂದೆ ಆ ರೂಟಿನಲ್ಲಿ ಜನವೇ ಇಲ್ಲ ಎಂದು ಟ್ರಿಪ್ ಕಡಿಮೆಯಾದರೆ ತೊಂದರೆ ನಮಗೇ. ಹಾಗೆಯೇ ಇಳಿಯುವ ಊರನ್ನು ಸರಿಯಾಗಿ ಹೇಳಬೇಕು, ಹೆಚ್ಚು ದೂರದ ಚೀಟಿ ಕೊಟ್ಟರೆ ಅದು ಸುಳ್ಳು ಬಿಲ್ಲಾಗುತ್ತದೆ.

ಕೆಡುವುದು ಎಲ್ಲೆಲ್ಲಿ? ಮೊದಲನೆಯದು ವಿಳಾಸ. ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಎಷ್ಟೋ ಮನೆಗಳಿಗೆ ಸೊಸೆಯಂದಿರು ಆಂಧ್ರದ ರಾಯದುರ್ಗದ ಕಡೆಯಿಂದ ಬಂದವರು. ಮದುವೆಯಾಗಿ ಎಷ್ಟು ವರ್ಷವಾದರೂ ಆಧಾರ್‌ನಲ್ಲಿ ತವರಿನ ವಿಳಾಸವೇ ಇದ್ದರೆ ಪೂರಾ ಚಾರ್ಜು ಕೊಡಲೇಬೇಕು. ಗಡಿಯ ಹಳ್ಳಿಗಳಲ್ಲಿ ಆಧಾರ್ ವಿಳಾಸ ತಿದ್ದಿಸುವುದೇ ಶಕ್ತಿಯ ಮೊದಲ ಮೆಟ್ಟಿಲು. ಎರಡನೆಯದು ಗಾಡಿಗಳ ಸಂಖ್ಯೆ. ಚಾರ್ಜು ತೆಗೆದ ಮಾತ್ರಕ್ಕೆ ಬಸ್ಸು ಹುಟ್ಟುವುದಿಲ್ಲ. ಬೇಡಿಕೆ ಒಂದೇ ದಿನದಲ್ಲಿ ಏರಿತು, ಬಸ್ಸು, ಡ್ರೈವರ್, ಕಂಡಕ್ಟರ್ ಏರಲು ವರ್ಷಗಳು ಬೇಕು. ಕಾಲೇಜು ಬಿಡುವ ಹೊತ್ತಿಗೆ ಫುಟ್‌ಬೋರ್ಡಿನ ಮೇಲೆ ನಿಂತ ಹುಡುಗಿಯರನ್ನು ನೋಡಿದರೆ ಇದು ಗೊತ್ತಾಗುತ್ತದೆ.

ಮೂರನೆಯದು ಈ ಸೀಮೆಯದೇ ರೋಗ. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ನಡುವಿನ ಹಳ್ಳಿಗಳಿಗೆ ಮೊದಲಿಂದಲೂ ಪ್ರೈವೇಟ್ ಬಸ್ಸುಗಳೇ ಗತಿ. ಎಷ್ಟೋ ಹಳ್ಳಿಗಳಿಗೆ ಬೆಳಿಗ್ಗೆ ಸಂಜೆ ಬರುವುದೇ ಪ್ರೈವೇಟ್ ಗಾಡಿ. ಅಲ್ಲಿನ ಹೆಣ್ಣುಮಗಳಿಗೆ ಶಕ್ತಿ ಇರುವುದು ಪೇಪರಿನಲ್ಲಿ. ಹೆದ್ದಾರಿಯ ಪಕ್ಕದವರಿಗೆ ದಿನವೂ ಉಚಿತ, ಒಳಹಳ್ಳಿಯವರಿಗೆ ದಿನವೂ ಚಾರ್ಜು. ಭದ್ರಾ ನಾಲೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಬಿಟ್ಟಿದ್ದೇವೆ ಎಂದು ಮೇಲಿನವರು ಹೇಳುವುದೂ ನಿಜ, ತಮ್ಮ ಗದ್ದೆಗೆ ಬರಲಿಲ್ಲ ಎಂದು ಕೆಳಗಿನವರು ಹೇಳುವುದೂ ನಿಜ. ಹಕ್ಕು ಎಲ್ಲರದು ಎಂದು ಬರೆದರೆ ಸಾಲದು, ಸೇವೆ ಎಲ್ಲ ಕಡೆ ಹರಿಯಬೇಕು. ನಾರ್ಡಿಕ್ ದೇಶಗಳಲ್ಲಿ ಶಾಲೆ, ಆಸ್ಪತ್ರೆ, ಶಿಶುವಿಹಾರ ಮೊದಲು ಕಟ್ಟಿ, ಸಿಬ್ಬಂದಿ ತುಂಬಿ ಹಕ್ಕನ್ನು ನಿಜ ಮಾಡಿದರು. ಇಲ್ಲಿ ಹಕ್ಕು ಮೊದಲು ಬಂತು, ಗಾಡಿ ಆಮೇಲೆ.

ದುಡ್ಡಿನ ಮಾತು. 2025ರ ಜನವರಿ 5ರಿಂದ ಸಾರಿಗೆ ಬಸ್ಸಿನ ಚಾರ್ಜು ಶೇ 15ರಷ್ಟು ಏರಿತು. ಹೆಣ್ಣುಮಕ್ಕಳಿಗೆ ಬಿಸಿ ತಟ್ಟಲಿಲ್ಲ, ಏಟು ಬಿದ್ದದ್ದು ಗಂಡಸರ ಜೇಬಿಗೂ ಸರ್ಕಾರದ ಬೊಕ್ಕಸಕ್ಕೂ. ಇಲ್ಲೊಂದು ಅಪಾಯ ಅಡಗಿದೆ. ಚಾರ್ಜು ಏರಿದಾಗ ಗಲಾಟೆ ಮಾಡುತ್ತಿದ್ದ ಅರ್ಧ ಜನ ಈಗ ಆ ಗಲಾಟೆಯಲ್ಲಿಲ್ಲ. ಸರ್ಕಾರ ನಿಗಮಕ್ಕೆ ಕೊಡಬೇಕಾದ ಹಣ ತಡವಾದರೆ ಅದು ಮೊದಲು ಕಾಣುವುದು ಹಳೇ ಟೈರಿನಲ್ಲಿ, ಸಿಬ್ಬಂದಿಯ ಬಾಕಿಯಲ್ಲಿ, ರದ್ದಾದ ಟ್ರಿಪ್ಪಿನಲ್ಲಿ. ಆದರೂ ಮಧ್ಯಮ ವರ್ಗದ ಹೆಣ್ಣುಮಕ್ಕಳೂ ಅದೇ ಬಸ್ಸಿನಲ್ಲಿರುವ ತನಕ ಇದನ್ನು ಸುಲಭಕ್ಕೆ ಮುಚ್ಚಲು ಆಗುವುದಿಲ್ಲ. ಬಡವರಿಗೆ ಮಾತ್ರ ಎಂದು ಮಾಡಿದ ಸೇವೆ ಕೊನೆಗೆ ಬಡ ಸೇವೆಯೇ ಆಗುತ್ತದೆ ಎಂಬುದು ಈ ಶಾಸ್ತ್ರದ ಹಳೇ ಪಾಠ. ಸ್ವೀಡನ್ನಿನ ಸಂಶೋಧಕರಾದ ಕೋರ್ಪಿ ಮತ್ತು ಪಾಲ್ಮೆ 1998ರಲ್ಲಿ ದೇಶದೇಶಗಳ ಲೆಕ್ಕ ಹಾಕಿ, ಬಡವರನ್ನೇ ಗುರಿ ಮಾಡಿದಷ್ಟೂ ಬಡತನ ಕಡಿಮೆಯಾಗುವುದು ಕಷ್ಟವಾಗುತ್ತದೆ, ಯಾಕೆಂದರೆ ಮಿಕ್ಕವರು ತೆರಿಗೆ ಕೊಡಲು ಮನಸ್ಸು ಮಾಡುವುದಿಲ್ಲ ಎಂದು ತೋರಿಸಿದರು. ಬಸ್ಸಿಗೆ ಹತ್ತಕ್ಕೆ ಏಳು. ಪ್ರೈವೇಟ್ ರೂಟಿನ ಹಳ್ಳಿಗಳಿಗೆ ದಾರಿ ಮಾಡಿದರೆ ಎಂಟೂವರೆ.

ಇಂದಿರಾ ಕ್ಯಾಂಟೀನಿಗೆ ಹೆಚ್ಚು ಮಾತು ಬೇಡ. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಜಿಲ್ಲೆಗಳಿಗೆ ಬಂತು. ಬೆಳಗಿನ ತಿಂಡಿ 5 ರೂಪಾಯಿ, ಊಟ 10 ರೂಪಾಯಿ ಎಂದು ಶುರುವಾದದ್ದು. ಬೆಣ್ಣೆ ದೋಸೆಯ ಊರಿನಲ್ಲಿ ಆ ದುಡ್ಡಿಗೆ ಹೋಟೆಲಿನವರು ಕಾಫಿ ಕೂಡ ಕೊಡಲಾರರು. ಕಾರ್ಡು ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ, ಟೋಕನ್ ತೆಗೆದುಕೊಂಡು ತಟ್ಟೆ ಹಿಡಿದರೆ ಆಯಿತು. ಎಪಿಎಂಸಿ ಯಾರ್ಡಿನ ಹಮಾಲರು, ಆಸ್ಪತ್ರೆಗೆ ಬಂದ ಹಳ್ಳಿಯವರು, ಹಾಸ್ಟೆಲ್ ಸಿಗದ ಹುಡುಗರಿಗೆ ಹೇಳಿ ಮಾಡಿಸಿದ ಜಾಗ. ದೋಷ ಇರುವುದು ಟೆಂಡರಿನ ಲೆಕ್ಕದಲ್ಲಿ. ಹೊತ್ತಿಗೆ ಇಷ್ಟೇ ತಟ್ಟೆ, ತಟ್ಟೆಗೆ ಇಷ್ಟೇ ರೂಪಾಯಿ ಎಂದು ಗುತ್ತಿಗೆ ಆಗಿರುತ್ತದೆ. ಬೇಳೆ, ಎಣ್ಣೆ ಬೆಲೆ ಏರಿದಾಗ ದರ ಏರುವುದಿಲ್ಲ, ಬಿಲ್ಲು ತಡವಾಗಿ ಪಾಸಾಗುತ್ತದೆ. ಗುತ್ತಿಗೆದಾರ ಕೈ ಹಾಕುವುದು ಸಾಂಬಾರಿನ ಬೇಳೆಗೇ. ಅದಕ್ಕೇ ಸಾಂಬಾರು ತೆಳ್ಳಗಾದ ದಿನ ಅಡುಗೆಯವರ ಮೇಲೆ ರೇಗಿ ಪ್ರಯೋಜನವಿಲ್ಲ. ಇನ್ನೊಂದು, ಅನ್ನದ ಮೇಲೇ ನಿಂತ ಊಟ ಜೋಳದ ರೊಟ್ಟಿ, ರಾಗಿಮುದ್ದೆಯ ಸೀಮೆಗೆ ಹೊಟ್ಟೆ ತುಂಬಿಸಿದರೂ ಮನಸ್ಸು ತುಂಬಿಸುವುದಿಲ್ಲ. ಹತ್ತಕ್ಕೆ ಆರು.

ದಾಸೋಹಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ: ಮಠದಲ್ಲಿ ಅನ್ನ ಪ್ರಸಾದ, ಕ್ಯಾಂಟೀನಿನಲ್ಲಿ ಅನ್ನ ಬಾಬ್ತು. ಪ್ರಸಾದಕ್ಕೆ ಉಪ್ಪು ಕಡಿಮೆಯಾಯಿತು ಎಂದು ಯಾರೂ ಜಗಳ ಆಡುವುದಿಲ್ಲ, ಆಡಲೂಬಾರದು. ಕ್ಯಾಂಟೀನಿನಲ್ಲಿ ಆಡಬಹುದು, ಆಡಬೇಕು. ಸರ್ಕಾರವೇ ಶಾಲೆಯ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟು ಈ ಗೆರೆಯನ್ನು ಅಳಿಸಿದೆ ಅನ್ನುವುದು ಬೇರೆ ಮಾತು. ಫಿನ್ಲೆಂಡಿನಲ್ಲಿ 1948ರಿಂದ ಶಾಲೆಯ ಊಟ ಎಲ್ಲ ಮಕ್ಕಳಿಗೂ ಉಚಿತ, ಡಾಕ್ಟರ್ ಮಗನಿಗೂ ಡ್ರೈವರ್ ಮಗನಿಗೂ ಅದೇ ತಟ್ಟೆ. ನಮ್ಮ ಬಿಸಿಯೂಟವೂ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ ಉಂಟು, ಆದರೆ ಡಾಕ್ಟರ್ ಮಗ ಆ ಶಾಲೆಯನ್ನೇ ಬಿಟ್ಟು ಕಾನ್ವೆಂಟಿಗೆ ಹೋಗಿ ಆಗಿದೆ.

ನ್ಯಾಯಬೆಲೆ ಅಂಗಡಿಯಲ್ಲಿ ಪಾಳಿ ಪೂರ್ತಿ ಬೇರೆ. 1997ರವರೆಗೆ ದೇಶದ ಪಡಿತರ ತಾತ್ವಿಕವಾಗಿ ಎಲ್ಲರದೂ ಆಗಿತ್ತು. ಆ ವರ್ಷದಿಂದ ಬಡತನ ರೇಖೆಯ ಮೇಲೆ, ಕೆಳಗೆ ಎಂದು ಒಡೆದರು. 2013ರ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನರಲ್ಲಿ ಶೇ 75, ನಗರದವರಲ್ಲಿ ಶೇ 50ರವರೆಗೆ ಎಂದು ಬಾಗಿಲು ಅಗಲ ಮಾಡಿತು, ಆದರೆ ಬಾಗಿಲು ಇದ್ದೇ ಇದೆ. ತಮಿಳುನಾಡು ಬಾಗಿಲನ್ನೇ ಕಿತ್ತು ಪಡಿತರವನ್ನು ಎಲ್ಲರಿಗೂ ಇಟ್ಟುಕೊಂಡಿತು. ಆದ್ಯತಾ ಕುಟುಂಬಕ್ಕೆ ಕೇಂದ್ರದ್ದು ತಲೆಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ ತಲೆ ಎಷ್ಟೇ ಇದ್ದರೂ 35 ಕೆ.ಜಿ. ಕರ್ನಾಟಕದ ಹೆಚ್ಚುವರಿ ಪಾಲು 2023ರ ಜುಲೈನಿಂದ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ನಗದಾಗಿ ಬಂತು, 2025ರ ಆರಂಭದಲ್ಲಿ ಮತ್ತೆ ಅಕ್ಕಿಯಾಯಿತು. ನಗದಿದ್ದಾಗ ಕೆಟ್ಟದ್ದು ಬ್ಯಾಂಕಿನಲ್ಲಿ: ಯಜಮಾನಿಯ ಖಾತೆಗೆ ಆಧಾರ್ ಜೋಡಣೆ ಇಲ್ಲದಿದ್ದರೆ ಹಣ ದಾರಿಯಲ್ಲೇ ನಿಲ್ಲುತ್ತಿತ್ತು. ಅಕ್ಕಿಯಾದಾಗ ಕೆಡುವುದು ತಕ್ಕಡಿಯಲ್ಲಿ ಮತ್ತು ಬೆರಳಚ್ಚಿನಲ್ಲಿ. ಸಿಮೆಂಟು ಕಲಸುವವರ, ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳು ಆಡಿಸುವವರ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಒಪ್ಪದಿದ್ದರೆ ಮನೆಯ ಇನ್ನೊಬ್ಬ ಸದಸ್ಯರ ಬೆರಳು ಇಡಬೇಕು. ಅದಕ್ಕಾಗಿ ಕಾರ್ಡಿನಲ್ಲಿರುವ ಎಲ್ಲರ ಇಕೆವೈಸಿ ಮೊದಲೇ ಮುಗಿಸಿಡುವುದು ಜಾಣತನ.

ಆದರೆ ನಿಜವಾದ ತಕರಾರು ಕಾರ್ಡಿನದು. ಬಿಪಿಎಲ್‌ಗೆ ವರಮಾನದ ಮಿತಿ ವರ್ಷಕ್ಕೆ 1.2 ಲಕ್ಷ, ಅಂದರೆ ತಿಂಗಳಿಗೆ 10,000 ರೂಪಾಯಿ. ರಾಜ್ಯ ಸರ್ಕಾರವೇ ಗೊತ್ತು ಮಾಡಿದ ಕನಿಷ್ಠ ವೇತನ ತೆಗೆದುಕೊಳ್ಳುವ ಒಬ್ಬ ಕಾರ್ಮಿಕನ ಮನೆ ಈ ಗೆರೆಯನ್ನು ದಾಟಿಬಿಡುತ್ತದೆ. ಒಂದು ಇಲಾಖೆಯ ಪ್ರಕಾರ ಇದಕ್ಕಿಂತ ಕಡಿಮೆ ಕೊಡುವುದು ಅಪರಾಧ, ಇನ್ನೊಂದು ಇಲಾಖೆಯ ಪ್ರಕಾರ ಅಷ್ಟು ಪಡೆಯುವವನು ಬಡವನಲ್ಲ. ಹಾಗಾಗಿ ಎಲ್ಲರೂ ಸುಳ್ಳು ವರಮಾನದ ಪ್ರಮಾಣಪತ್ರ ಇಟ್ಟುಕೊಂಡೇ ಬದುಕಬೇಕು. ಸುಳ್ಳಿನ ಮೇಲೆ ನಿಂತವನು ತೂಕ ಕಡಿಮೆ ಬಂದಾಗ ದನಿ ಎತ್ತುತ್ತಾನೆಯೇ? ಸಾಲಕ್ಕೆ ಬೇಕೆಂದು ಒಮ್ಮೆ ಆದಾಯ ತೆರಿಗೆ ರಿಟರ್ನ್ ಹಾಕಿದವರ ಕಾರ್ಡುಗಳು ಕಂಪ್ಯೂಟರಿನ ಹೊಂದಾಣಿಕೆಯಲ್ಲಿ ಸಿಕ್ಕಿ ಅನುಮಾನದ ಪಟ್ಟಿಗೆ ಬಿದ್ದದ್ದು ಇದೇ ಕಾರಣಕ್ಕೆ. ತೆರಿಗೆ ಒಂದು ರೂಪಾಯಿ ಕಟ್ಟದಿದ್ದರೂ ರಿಟರ್ನ್ ಹಾಕಿದ್ದೇ ತಪ್ಪಾಯಿತು. ಹತ್ತಕ್ಕೆ ಐದು, ಅದೂ ಅಕ್ಕಿಯ ಮುಖ ನೋಡಿ.

ಇದರ ಎದುರು ಗೃಹಲಕ್ಷ್ಮಿಯನ್ನು ಇಟ್ಟು ನೋಡಬೇಕು. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಗೆ. ಕಾರ್ಡು ಅಂತ್ಯೋದಯವೋ ಬಿಪಿಎಲ್ಲೋ ಎಪಿಎಲ್ಲೋ, ಯಾವುದಾದರೂ ಸರಿ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿರಬಾರದು. ಇಲ್ಲಿ ಕೆಳಗಿನಿಂದ ಬಡವರನ್ನು ಆರಿಸುವುದಿಲ್ಲ, ಮೇಲಿನಿಂದ ಉಳ್ಳವರನ್ನು ಸೋಸುತ್ತಾರೆ. ಜಲ್ಲಡಿ ಒಂದೇ, ಹಿಡಿಯುವ ಬದಿ ಬೇರೆ. ತಪ್ಪಾದಾಗ ಹೊರಗುಳಿಯುವವರು ಕಡಿಮೆ, ಉಳಿದರೂ ಬಹುಪಾಲು ತಡೆದುಕೊಳ್ಳಬಲ್ಲವರು. ಸ್ವೀಡನ್ 1948ರಲ್ಲಿ ಎಲ್ಲ ತಾಯಂದಿರ ಕೈಗೆ ಮಕ್ಕಳ ಭತ್ಯೆ ಕೊಡಲು ಶುರು ಮಾಡಿದಾಗ ಜಲ್ಲಡಿಯನ್ನೇ ಬಿಸಾಡಿತ್ತು.

ಕರೆಂಟಿನ ಗೃಹಜ್ಯೋತಿಯಲ್ಲಿ ಒಂದೇ ಎಚ್ಚರ. 200 ಯೂನಿಟ್ ಉಚಿತ ಎಂಬುದು ಎಲ್ಲರಿಗೂ 200 ಅಲ್ಲ. 2022–23ರ ಸರಾಸರಿ ಬಳಕೆಯ ಮೇಲೆ ಸಾಮಾನ್ಯವಾಗಿ ಶೇ 10 ಸೇರಿಸಿ ನಿಮ್ಮ ಮಿತಿ ಕಟ್ಟುತ್ತಾರೆ. ಸರಾಸರಿ 100 ಇದ್ದರೆ ಮಿತಿ 110. ತಿಂಗಳಲ್ಲಿ 150 ಆದರೆ 40ಕ್ಕೆ ಬಿಲ್ಲು, 201 ಆದರೆ ಅಷ್ಟಕ್ಕೂ ಪೂರ್ತಿ ಬಿಲ್ಲು. ಒಂದು ಯೂನಿಟ್ಟಿಗೆ ಇಷ್ಟು ದೊಡ್ಡ ಬೀಳು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪುವುದಿಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಕೂಲರ್ ಇರುವ ಮನೆಗಳು ಬೀಳುವುದು ಇಲ್ಲೇ. ಬಾಡಿಗೆ ಮನೆ ಬದಲಾಯಿಸುವವರು ಹಳೇ ಮೀಟರಿನಿಂದ ತಮ್ಮ ಆಧಾರ್ ಬಿಡಿಸಿಕೊಳ್ಳದೆ ಹೊಸ ಮನೆಗೆ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ.

ಈಗ ಇಎಸ್‌ಐ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸರಕು ಇದೇ, ಎಲ್ಲಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದೂ ಇದೇ. ಇದರ ಮುತ್ತಜ್ಜ ಜರ್ಮನಿಯ ಬಿಸ್ಮಾರ್ಕ್. 1883ರಲ್ಲಿ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಪಿಂಚಣಿ. ಇವೆಲ್ಲ ಬಂದದ್ದು ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನು ನಿಷೇಧಿಸಿದ ಕಾನೂನು (1878–1890) ಜಾರಿಯಲ್ಲಿದ್ದಾಗಲೇ. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಬೆಲ್ಲ. ಆದರೆ ಕಾಯಿಲೆ ನಿಧಿಗೆ ಮೂರರಲ್ಲಿ ಎರಡು ಪಾಲು ಕಾರ್ಮಿಕರೇ ಕಟ್ಟುತ್ತಿದ್ದುದರಿಂದ ಆಡಳಿತ ಮಂಡಳಿಯಲ್ಲೂ ಅವರಿಗೆ ಮೂರರಲ್ಲಿ ಎರಡು ಸೀಟು ಸಿಕ್ಕವು. ನಿಷೇಧದಲ್ಲಿದ್ದ ಸಮಾಜವಾದಿಗಳು ಆ ಸೀಟುಗಳಲ್ಲಿ ಕೂತು ಆಡಳಿತ ಕಲಿತರು. ಬೆಲ್ಲ ಕೊಟ್ಟವನು ಇದನ್ನು ಎಣಿಸಿರಲಿಲ್ಲ.

ನಮ್ಮಲ್ಲಿ 1948ರ ಕಾಯ್ದೆ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಶುರು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿತು. ಹತ್ತು ಮತ್ತು ಹೆಚ್ಚು ಜನರಿರುವ ಕಾರ್ಖಾನೆ, ಅಂಗಡಿ, ಹೋಟೆಲುಗಳಿಗೆ ಅನ್ವಯ. ಸಂಬಳ 21,000 ರೂಪಾಯಿಯ ಒಳಗಿರಬೇಕು. 2019ರ ಜುಲೈನಿಂದ ಕಾರ್ಮಿಕನ ಪಾಲು ಶೇ 0.75, ಮಾಲೀಕನದು ಶೇ 3.25. 15,000 ಸಂಬಳದವನಿಗೆ ಪೈಸೆಯನ್ನು ಮೇಲಕ್ಕೇರಿಸಿ 113 ರೂಪಾಯಿ ಕಡಿತ, ಮಾಲೀಕರಿಂದ 488. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಈ 113ಕ್ಕೆ ಮನೆಮಂದಿಗೆಲ್ಲ ಚಿಕಿತ್ಸೆ, ಕಾಯಿಲೆ ಬಿದ್ದರೆ ಸಂಬಳದ ಶೇ 70ರಂತೆ ವರ್ಷಕ್ಕೆ 91 ದಿನ, ಹೆರಿಗೆಗೆ 26 ವಾರ ಪೂರ್ತಿ ಸಂಬಳ, ಕೆಲಸದಲ್ಲಿ ಗಾಯವಾದರೆ ಶೇ 90. ದಿನಕ್ಕೆ 500 ಬೀಳುವ ಕಾರ್ಮಿಕನಿಗೆ ಕಾಯಿಲೆಯ ದಿನಕ್ಕೆ 350. 91 ದಿನಕ್ಕೆ 31,850. ಇಷ್ಟು ಕಡಿಮೆಗೆ ಇಷ್ಟು ಕೊಡುವ ಖಾಸಗಿ ವಿಮೆ ಇಲ್ಲ.

ನಗದು ಸಿಗದೆ ವಾಪಸ್ ಬರುವವರು ಬಹುಪಾಲು ತಾರೀಖಿನಲ್ಲಿ ಸೋತವರು. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ ಫಲ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗಿನದಕ್ಕೆ ಜುಲೈ 1ರಿಂದ ಡಿಸೆಂಬರ್ 31ರವರೆಗೆ. ಕಾಯಿಲೆ ಭತ್ಯೆಗೆ ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಬೇಕು. ಹೊಸದಾಗಿ ಸೇರಿದವರಿಗೆ ಚಿಕಿತ್ಸೆ ಕೂಡಲೇ ಉಂಟು, ಕಾಯಿಲೆ ಭತ್ಯೆ ಮಾತ್ರ ಸೇರಿದ ದಿನದಿಂದ ಒಂಬತ್ತು ತಿಂಗಳು ಕಳೆದ ಮೇಲೆ. ಕಾಯಿಲೆಯ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಪ್ರೈವೇಟ್ ಡಾಕ್ಟರ್ ಕೊಟ್ಟ ಚೀಟಿ ಹಿಡಿದು ನೇರ ಬ್ರಾಂಚ್ ಆಫೀಸಿಗೆ ಹೋದರೆ ಓಡಾಟವೇ ಲಾಭ, ಇಎಸ್‌ಐ ವೈದ್ಯರ ಪ್ರಮಾಣಪತ್ರ ಬೇಕು. ಸಂಬಳ ನಡುವೆ 21,000 ದಾಟಿದರೂ ಆ ಆರು ತಿಂಗಳ ಅವಧಿ ಮುಗಿಯುವವರೆಗೆ ವ್ಯಾಪ್ತಿಯಲ್ಲೇ ಇರುತ್ತೀರಿ. ಓವರ್‌ಟೈಮ್ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಕಡಿದ ಹಣವನ್ನು ಮಾಲೀಕರು ನಿಜಕ್ಕೂ ಕಟ್ಟಿದ್ದಾರೋ ಎಂದು ವಿಮಾ ಸಂಖ್ಯೆ ಹಾಕಿ ಪೋರ್ಟಲಿನಲ್ಲಿ ಆರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಆಧಾರ್‌ನಲ್ಲಿ ಒಂದು ಹೆಸರು, ಹಾಜರಿ ಪುಸ್ತಕದಲ್ಲಿ ಇನ್ನೊಂದು ಇದ್ದರೆ ಹೆರಿಗೆಯ ಹೊತ್ತಿಗೆ ತಿದ್ದಲು ಹೋಗಬೇಡಿ, ಇವತ್ತೇ ತಿದ್ದಿಸಿ.

ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆ ಇರುವುದು ಈ ಊರು ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು ಎಂಬುದರ ಗುರುತು. 'ಕರ್ನಾಟಕದ ಮ್ಯಾಂಚೆಸ್ಟರ್' ಎನ್ನುತ್ತಿದ್ದರು. ಗಿರಣಿಯಲ್ಲಿ ನೂರಾರು ಜನ ಒಂದೇ ಗೇಟಿನಿಂದ ಒಳಗೆ ಹೋಗುತ್ತಿದ್ದರು, ಸಂಘ ಇತ್ತು, ಸಿಪಿಐನ ಪಂಪಾಪತಿಯವರನ್ನು ಶಾಸನಸಭೆಗೆ ಕಳಿಸಿದ ಊರಿದು. ಗಿರಣಿ ಹೋದವು. ಈಗಿನ ದುಡಿಮೆ ಇರುವುದು ಮಂಡಕ್ಕಿ ಭಟ್ಟಿಯಲ್ಲಿ, ಗ್ಯಾರೇಜಿನಲ್ಲಿ, ಬಟ್ಟೆ ಅಂಗಡಿಯಲ್ಲಿ. ನಾಲ್ಕು ಜನ, ಆರು ಜನ. ಹತ್ತರ ಗಡಿಯ ಕೆಳಗೇ ಊರಿನ ದೊಡ್ಡ ಪಾಲು ಉಳಿದುಬಿಟ್ಟಿದೆ. ಹೊಸ ಸಂಹಿತೆಯಲ್ಲಿ ಮಾಲೀಕರೂ ಹೆಚ್ಚಿನ ಕಾರ್ಮಿಕರೂ ಒಪ್ಪಿದರೆ ಹತ್ತಕ್ಕಿಂತ ಕಡಿಮೆ ಇದ್ದರೂ ಸೇರಲು ಅವಕಾಶವಿದೆ. ಶೇ 3.25 ತಾನಾಗಿ ಹೊರಲು ಮುಂದೆ ಬರುವ ಭಟ್ಟಿ ಮಾಲೀಕರು ಎಷ್ಟು ಎಂಬುದನ್ನು ಓದುಗರೇ ಊಹಿಸಬಹುದು.

ಇನ್ನೊಂದು ತುದಿಯಲ್ಲಿ 21,000ದ ಮಿತಿ. 2017ರ ಜನವರಿಯಲ್ಲಿ ಇಟ್ಟದ್ದು. ಸಂಬಳ ಏರಿದಂತೆ ನುರಿತ ಕೆಲಸಗಾರ, ಸೂಪರ್‌ವೈಸರ್, ಅಕೌಂಟೆಂಟ್ ಒಬ್ಬೊಬ್ಬರಾಗಿ ಹೊರಬೀಳುತ್ತಾರೆ. ಅರ್ಜಿ ಬರೆಯಬಲ್ಲವರು, ಡಾಕ್ಟರ್ ಇಲ್ಲದಿದ್ದರೆ ಗಲಾಟೆ ಮಾಡಬಲ್ಲವರು ಅವರೇ. ಅವರು ಹೋದ ಮೇಲೆ ಪಾಳಿಯಲ್ಲಿ ಉಳಿಯುವವರು ಒಂದು ದಿನ ರಜೆ ಹಾಕಿದರೆ ಕೂಲಿ ಕಳೆದುಕೊಳ್ಳುವವರು, ದೂರು ಕೊಡಲು ಎರಡನೇ ದಿನ ಬರಲಾರರು. ಬ್ರಿಟನ್ನಿನ ಆರೋಗ್ಯ ಸೇವೆ 1948ರ ಜುಲೈ 5ರಂದು ಶುರುವಾದಾಗ ಸಂಬಳದ ಮಿತಿ ಇಡಲಿಲ್ಲ. ಅದೇ ವರ್ಷ ನಾವು ಬರೆದ ಕಾಯ್ದೆಯಲ್ಲಿ ಇಟ್ಟೆವು. ಮೇಲಾಗಿ ಇಲ್ಲಿ ಯಜಮಾನರು ಇಬ್ಬರು: ನಗದು ಕೊಡುವುದು ಕೇಂದ್ರದ ನಿಗಮ, ಆಸ್ಪತ್ರೆ ನಡೆಸುವುದು ಬಹುತೇಕ ಕಡೆ ರಾಜ್ಯದ ಇಲಾಖೆ. ವೈದ್ಯರ ಹುದ್ದೆ ಖಾಲಿ ಇದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಸರಕಿಗೆ ಹತ್ತಕ್ಕೆ ಒಂಬತ್ತು, ಅಂಗಡಿಗೆ ನಾಲ್ಕು.

ಇಷ್ಟೂ ಕೌಂಟರು ಸೇರಿದರೆ ಸಾಮಾಜಿಕ ಪ್ರಜಾಪ್ರಭುತ್ವ ಆಯಿತೇ? ಅರ್ಧ ಮಾತ್ರ. 2025–26ರ ರಾಜ್ಯ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗೆ ಇಟ್ಟದ್ದು 51,034 ಕೋಟಿ ರೂಪಾಯಿ, ಸುಮಾರು 4.09 ಲಕ್ಷ ಕೋಟಿಯ ಬಜೆಟ್ಟಿನಲ್ಲಿ ಎಂಟನೇ ಒಂದು ಪಾಲು. ಹಂಚುವ ಕೈ ಬಲವಾಗಿದೆ. ಸ್ವೀಡನ್ನಿನಲ್ಲಿ ಇನ್ನೆರಡು ಕೈಗಳಿದ್ದವು. ಒಂದು ತೆರಿಗೆಯದು: ಅಲ್ಲಿ ಒಟ್ಟು ಉತ್ಪನ್ನದ ಶೇ 40ಕ್ಕೂ ಹೆಚ್ಚು ತೆರಿಗೆಯಾಗಿ ಬರುತ್ತದೆ, ಸಾಮಾನ್ಯ ಮೌಲ್ಯವರ್ಧಿತ ತೆರಿಗೆಯೇ ಶೇ 25, ಬಡವನೂ ಕಟ್ಟುತ್ತಾನೆ. ಭಾರತದಲ್ಲಿ ಕೇಂದ್ರ, ರಾಜ್ಯ ಎರಡೂ ಸೇರಿ ಶೇ 20ನ್ನೂ ಮುಟ್ಟುವುದಿಲ್ಲ. ಇನ್ನೊಂದು ಸಂಘದ್ದು. ಅಲ್ಲಿ ಕಾನೂನಿನ ಕನಿಷ್ಠ ವೇತನವೇ ಇಲ್ಲ, 1938ರ ಸಾಲ್ಟ್‌ಶೋಬಾಡೆನ್ ಒಪ್ಪಂದದ ದಾರಿಯಲ್ಲಿ ಸಂಘಗಳೂ ಮಾಲೀಕರ ಒಕ್ಕೂಟವೂ ಕೂತು ಕೂಲಿ ಗೊತ್ತು ಮಾಡುತ್ತವೆ.

1951ರಲ್ಲಿ ಯೋಸ್ಟಾ ರೆಯ್ನ್ ಮತ್ತು ರುಡಾಲ್ಫ್ ಮೈಡ್ನರ್ ಎಂಬ ಸಂಘದ ಅರ್ಥಶಾಸ್ತ್ರಜ್ಞರು ಕೊಟ್ಟ ಸೂತ್ರ ಗಿರಣಿ ಕಳೆದುಕೊಂಡ ಊರಿಗೆ ಮುಖ್ಯ. ಒಂದೇ ಕೆಲಸಕ್ಕೆ ಎಲ್ಲ ಕಂಪನಿಯಲ್ಲೂ ಒಂದೇ ಕೂಲಿ. ಅಷ್ಟು ಕೊಡಲಾಗದ ಕಂಪನಿ ಮುಚ್ಚಲಿ, ಅದನ್ನು ಬದುಕಿಸಲು ಕೂಲಿ ಇಳಿಸುವುದು ಬೇಡ. ಆದರೆ ಕೆಲಸ ಹೋದವನಿಗೆ ಹೊಸ ಕಸುಬಿನ ತರಬೇತಿ, ಬೇರೆ ಊರಿಗೆ ಹೋಗಲು ಖರ್ಚು, ನಡುವೆ ಭತ್ಯೆ ಸರ್ಕಾರದ್ದು. ಉಳಿಸುವುದು ಕಾರ್ಖಾನೆಯನ್ನಲ್ಲ, ಕಾರ್ಮಿಕನನ್ನು. ಇಲ್ಲಿ ಗಿರಣಿ ಮುಚ್ಚಿದಾಗ ಸೂತ್ರದ ಮೊದಲ ಅರ್ಧ ನಡೆಯಿತು, ಎರಡನೇ ಅರ್ಧಕ್ಕೆ ಯಾರೂ ಬರಲಿಲ್ಲ. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ಕೊಡುವ ಯುವನಿಧಿಯಲ್ಲೂ ಭತ್ಯೆಯದೇ ಭಾರ, ತರಬೇತಿಯ ತಕ್ಕಡಿ ಮೇಲೇ ತೇಲುತ್ತದೆ.

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಲೋಹಿಯಾ ಸಮಾಜವಾದದಿಂದ ಬಂದವರು, 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದ್ದು ಅವರು ಮುಖ್ಯಮಂತ್ರಿಯಾಗಿದ್ದಾಗ. ಯುರೋಪಿನ ಮಾದರಿ ವರ್ಗವನ್ನು ನೋಡಿತು, ಜಾತಿಯನ್ನು ನೋಡುವ ಕಣ್ಣು ಅದಕ್ಕಿಲ್ಲ ಎಂಬುದು ಲೋಹಿಯಾ ಪಂಥದ ತಕರಾರು. ಕೌಂಟರಿನ ಮುಂದೆ ನಿಂತಾಗ ಆ ತಕರಾರು ಸರಿ ಎನಿಸುತ್ತದೆ: ಸಂಘ ಕಟ್ಟಲು ಒಂದೇ ಗೇಟು ಸಾಲದು, ಒಂದೇ ಪಂಕ್ತಿಯಲ್ಲಿ ಕೂರುವ ಮನಸ್ಸೂ ಬೇಕು.

ಸದ್ಯಕ್ಕೆ ಇರುವ ದಾರಿಗಳನ್ನಾದರೂ ಬಳಸಬಹುದು. ಕಟ್ಟಡ ಕಾರ್ಮಿಕರ ಮಂಡಳಿಗೆ ಕಟ್ಟಡ ವೆಚ್ಚದ ಶೇ 1ರಷ್ಟು ಸೆಸ್ ಹೋಗುತ್ತದೆ; ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ 18ರಿಂದ 60 ವರ್ಷದವರು ನೋಂದಾಯಿಸಿಕೊಳ್ಳಬಹುದು, ಕೆಲಸ ಮಾಡಿಸಿದವರಿಂದ ಆ 90 ದಿನದ ದಾಖಲೆ ಆಗಲೇ ಬರೆಸಿಕೊಂಡರೆ ಆಮೇಲೆ ಅಲೆಯಬೇಕಿಲ್ಲ. ಪಡಿತರಕ್ಕೆ ಆಹಾರ ಭದ್ರತಾ ಕಾಯ್ದೆಯಲ್ಲೇ ಜಿಲ್ಲಾ ಕುಂದುಕೊರತೆ ಅಧಿಕಾರಿ ಇದ್ದಾರೆ, ಒಂದೊಂದು ನ್ಯಾಯಬೆಲೆ ಅಂಗಡಿಗೂ ಜಾಗೃತ ಸಮಿತಿ ಇರಬೇಕು, ಅದರಲ್ಲಿ ಮಹಿಳೆಯರು, ಪರಿಶಿಷ್ಟರು ಕೂರಬೇಕು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಅಂಗಡಿಯಲ್ಲೇ ಕೇಳಿ; ಉತ್ತರ ತಡವಾದಷ್ಟೂ ತಕ್ಕಡಿಯನ್ನು ಹತ್ತಿರದಿಂದ ನೋಡಿ. ಇಎಸ್‌ಐ ನಿಗಮದಲ್ಲಿ ಕಾರ್ಮಿಕ ಸಂಘಗಳ ಪ್ರತಿನಿಧಿಗಳಿಗೆ ಸೀಟುಂಟು. ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಬಸ್ಸಿನಲ್ಲಿ ಮಾತ್ರ, ಯಾವ ಹಳ್ಳಿಗೆ ಎಷ್ಟು ಹೊತ್ತಿಗೆ ಗಾಡಿ ಬರಬೇಕು ಎಂದು ಗೊತ್ತು ಮಾಡುವ ಮೇಜಿನ ಸುತ್ತ, ಸೊನ್ನೆ ಟಿಕೆಟಿನ ಹೆಣ್ಣುಮಗಳಿಗೆ ಇನ್ನೂ ಕುರ್ಚಿ ಹಾಕಿಲ್ಲ.